ಮನೆಮಾತು ಮೌನವಾದಾಗ

ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬಕ್ಕೆ ಹತ್ತಿರವಾಗಿ ಬರುವ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಪೋಪ್ ಫ್ರಾನ್ಸಿಸರು 2021ರಲ್ಲಿ ಅಜ್ಜ-ಅಜ್ಜಿಯರ ಮತ್ತು ಹಿರಿಯರ ವಿಶ್ವದಿನವೆಂದು ಸಾರಿದರು. ಆ ದಿನ ಸಮೀಪಿಸಿದಾಗ ನನಗೆ ಅಮೆರಿಕದ ಒಂದು ಜರ್ಮನ್ ಮನೆತನ ನೆನಪಾಗುತ್ತದೆ. ಅದು ವಿಶ್ವಾಸಿಗಳ ಮನೆತನವಲ್ಲ. ಆದರೂ ವಿಶ್ವಾಸಿಗಳಾದ ನಾವು ಅದರಿಂದ ಕಲಿಯಬೇಕಾದುದಿದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯಿಂದ ಬಂದ ಕ್ಲೆಮೆನ್ಸ್ ವಾನೆಗಟ್ ಇಂಡಿಯಾನಾಪೊಲಿಸ್ ನಗರದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ತೆರೆದರು. ಅವರ ಮಗ ಬರ್ನಾರ್ಡ್ ವಾಸ್ತುಶಿಲ್ಪಿ. 1890ರ ದಶಕದಲ್ಲಿ ಅವರ ಸಂಸ್ಥೆ ವಿನ್ಯಾಸಗೊಳಿಸಿದ 'ಡಾಸ್ ಡಾಯ್ಚೆ ಹೌಸ್', ಎಂದರೆ 'ಜರ್ಮನ್ ಮನೆ', ಆ ಸಮುದಾಯದ ಸಂಗೀತ, ಊಟ, ಕೂಟಗಳ ನೆಲೆಯಾಯಿತು.

1917ರಲ್ಲಿ ಅಮೆರಿಕವು ಜರ್ಮನಿಯ ವಿರುದ್ಧ ಯುದ್ಧಕ್ಕಿಳಿಯಿತು. ಮರುವರ್ಷ ಆ ಕಟ್ಟಡದ ಹೆಸರು 'ಅಥೀನಿಯಂ' ಎಂದು ಬದಲಾಯಿತು. 1919ರಲ್ಲಿ ಇಂಡಿಯಾನಾ ರಾಜ್ಯವು ಪ್ರಾಥಮಿಕ ಶಾಲೆಗಳಲ್ಲಿ ಜರ್ಮನ್ ಕಲಿಸುವುದನ್ನು ನಿಷೇಧಿಸಿತು. ಧರ್ಮಕೇಂದ್ರಗಳ ಶಾಲೆಗಳಿಗೂ ವಿನಾಯಿತಿ ಇರಲಿಲ್ಲ. ನೆಬ್ರಾಸ್ಕಾ ರಾಜ್ಯದ ಇಂತಹುದೇ ಕಾನೂನನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ಅಸಿಂಧುಗೊಳಿಸಿತು. ಆದರೆ ಮನೆಯೊಳಗೆ ಹೊಕ್ಕ ಭಯವನ್ನು ಯಾವ ನ್ಯಾಯಾಲಯ ತಾನೇ ರದ್ದುಪಡಿಸೀತು?

ಬರ್ನಾರ್ಡರ ಮೊಮ್ಮಗ, ಮುಂದೆ ಪ್ರಖ್ಯಾತ ಕಾದಂಬರಿಕಾರನಾದ ಕರ್ಟ್ ವಾನೆಗಟ್, ಹುಟ್ಟಿದ್ದು 1922ರ ನವೆಂಬರ್ 11ರಂದು, ಕದನವಿರಾಮದ ನಾಲ್ಕನೆಯ ವಾರ್ಷಿಕ ದಿನದಂದು. ದೇಶನಿಷ್ಠೆಗೆ ಸಾಕ್ಷಿಯೆಂಬಂತೆ ತಂದೆತಾಯಿಗಳು ಹಿರಿಯರ ಭಾಷೆ, ಸಾಹಿತ್ಯ, ಸಂಗೀತಗಳಿಂದ ಮಗನನ್ನು ದೂರವಿಟ್ಟರು. ತಾನು ಬೇರಿಲ್ಲದವನಾಗಿ ಬೆಳೆದೆನೆಂದು ಆತ 1981ರಲ್ಲಿ ನೋವಿನಿಂದ ಬರೆದನು. 1944ರ ಡಿಸೆಂಬರಿನಲ್ಲಿ ಅಮೆರಿಕದ ಸೈನಿಕನಾಗಿ ಸೆರೆಸಿಕ್ಕು, ಪೂರ್ವಜರ ನಾಡಿಗೆ ಯುದ್ಧಕೈದಿಯಾಗಿ ಹೋದದ್ದು ವಿಧಿಯ ವಿಡಂಬನೆಯೇ ಸರಿ.

ಭಾಷೆ ಹೋದರೂ ಬಂಧುಬಳಗ ಉಳಿದಿತ್ತು. ಮ್ಯಾಕ್ಸಿನ್‌ಕಕೀ ಸರೋವರದ ದಡದಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯಂದಿರ ಬೇಸಿಗೆಯ ಮನೆಗಳು ಅಕ್ಕಪಕ್ಕದಲ್ಲಿದ್ದವು. ದಡ ಹಿಡಿದು ಒಂದೇ ದಿಕ್ಕಿಗೆ ನಡೆಯುತ್ತಿದ್ದರೆ ಮರಳಿ ಮನೆಗೇ ಬಂದು ಸೇರುತ್ತೇನೆಂಬ ಬಾಲ್ಯದ ಭರವಸೆಯನ್ನು ಆತ ಮುಪ್ಪಿನವರೆಗೂ ಮರೆಯಲಿಲ್ಲ. ಬೇಸಿಗೆಯಲ್ಲಿ ಮರದ ನೆರಳಲ್ಲಿ ನಿಂಬೆ ಪಾನಕ ಕುಡಿಯುತ್ತ ಮಾತನಾಡುವಾಗ, ಚಿಕ್ಕಪ್ಪ ಅಲೆಕ್ಸ್ ತಟ್ಟನೆ ಮಾತು ನಿಲ್ಲಿಸಿ, ಈ ಗಳಿಗೆ ಎಷ್ಟು ಸೊಗಸಾಗಿದೆಯೆಂದು ಎಲ್ಲರಿಗೂ ನೆನಪಿಸುತ್ತಿದ್ದರು. ಸಂತೋಷವನ್ನು ಗುರುತಿಸಲು ಕಲಿಸಿದ ಆ ಪಾಠವನ್ನು ಕರ್ಟ್ ತನ್ನ ಮಕ್ಕಳಿಗೂ ದಾಟಿಸಿದನು. ಹೆಸರಿನ ಮೂಲಕವೇ ಪ್ರತಿಯೊಬ್ಬನಿಗೂ ಸಾವಿರಾರು ಬಂಧುಗಳನ್ನು ದೊರಕಿಸಿಕೊಡುವ ಕಲ್ಪನೆಯೊಂದನ್ನು 1976ರ 'ಸ್ಲ್ಯಾಪ್‌ಸ್ಟಿಕ್' ಕಾದಂಬರಿಯಲ್ಲಿ ಹೆಣೆದನು.

ಹಿರಿಯರಂತೆ ಆತನೂ ದೇವರನ್ನು ನಂಬಲಿಲ್ಲ. ಆದರೂ ಪ್ರಭು ಯೇಸುವಿನ ಪರ್ವತ ಪ್ರಸಂಗವನ್ನು ಬಹಳವಾಗಿ ಮೆಚ್ಚಿದ್ದನು. 1980ರ ಗರಿಗಳ ಭಾನುವಾರದಂದು ನ್ಯೂಯಾರ್ಕಿನ ಒಂದು ದೇವಾಲಯದಲ್ಲಿ ಪ್ರಬೋಧನೆಯನ್ನೂ ನೀಡಿದನು.

ನಮ್ಮ ಮನೆಗಳಲ್ಲಿ ಅಜ್ಜಿಯ ಮಾತಿಗೆ ಯಾವ ಸರಕಾರವೂ ನಿಷೇಧ ಹಾಕಿಲ್ಲ. ಆದರೂ ಅಜ್ಜಿ ಜಪಸರ ಹಿಡಿದು ಒಬ್ಬಳೇ ಕುಳಿತಿರುತ್ತಾಳೆ. ಮೊಮ್ಮಗನಿಗೆ ಆಕೆಯ ಪ್ರಾರ್ಥನೆಯ ಮಾತುಗಳು ತಿಳಿಯುವುದಿಲ್ಲ. ಭಯದಿಂದ ಆ ತಂದೆತಾಯಿಗಳು ಕಳೆದುಕೊಂಡುದನ್ನು ನಾವು ಬರಿಯ ಅಲಕ್ಷ್ಯದಿಂದ ಕಳೆದುಕೊಳ್ಳಬೇಕೆ? ಇಂದು ಸಂಜೆ ಆಕೆಯ ಪಕ್ಕದಲ್ಲಿ ಮಗುವನ್ನು ಕೂರಿಸೋಣ.