ಸುಣ್ಣ ಹೊಡೆದ ಮನೆ, ಸರ್ಕಾರ ಕೊಂಡ ಮನೆ

ಮಾರಾಟಕ್ಕಿಟ್ಟ ಮನೆಗೆ ಬಣ್ಣ ಬಳಿದು, ಬಾಡಿಗೆ ಸೋಫಾ ಇಟ್ಟು, ನೋಡಲು ಬಂದವರ ಮನಸ್ಸು ಗೆಲ್ಲುವುದಕ್ಕೆ ದೊಡ್ಡ ಊರುಗಳಲ್ಲಿ ಹೋಮ್ ಸ್ಟೇಜಿಂಗ್ ಅಂತಾರೆ. 1970ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಅದು ಒಂದು ಉದ್ಯೋಗವೇ ಆಯಿತು. ನಮ್ಮ ಭಾಗದಲ್ಲಿ ಆ ಹೆಸರು ಇರಲಿಲ್ಲ, ಆದರೆ ಕೆಲಸ ಇತ್ತು.

ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದ ಕಾಲದಿಂದ ಇಲ್ಲಿ ಕಲ್ಲು-ಮಣ್ಣಿನ ಗೋಡೆಯ, ಮೇಲ್ಮುದ್ದೆಯ ಮನೆಗಳೇ ಹೆಚ್ಚು. ಮಾರುವವರು ಗೋಡೆಗೆ ಸುಣ್ಣ ಹೊಡೆದು, ನೆಲ ಸಾರಿಸಿ, ತಲಬಾಗಿಲಿಗೆ ಎಣ್ಣೆ ಹಚ್ಚುತ್ತಿದ್ದರು. ಕೊಳ್ಳುವ ಹಿರಿಯರೂ ಕಡಿಮೆ ಇರಲಿಲ್ಲ. ಸುಣ್ಣ ಬಿಟ್ಟು ಮೇಲೆ ನೋಡುತ್ತಿದ್ದರು: ತೊಲೆಗೆ ಗೆದ್ದಲು ಹತ್ತಿದೆಯೇ? ಜಂತಿ ಬಾಗಿದೆಯೇ? ಗೋಡೆಯ ಬುಡಕ್ಕೆ ತೇವ ಏರಿದೆಯೇ?

ರಬಕವಿ-ಬನಹಟ್ಟಿಯ ನೇಕಾರರ ಲೆಕ್ಕ ಇನ್ನೊಂದು. ಮಗ್ಗ ಇದ್ದದ್ದು ಮನೆಯೊಳಗೇ. ಕುಣಿಮಗ್ಗಕ್ಕೆ ಜಾಗ ಸಾಕೇ, ಎಳೆ ಕಾಣುವಷ್ಟು ಬೆಳಕು ಬರುತ್ತದೆಯೇ, ಕುಣಿಯಲ್ಲಿ ನೀರು ಜಿನುಗುತ್ತದೆಯೇ ಎಂಬುದರ ಮೇಲೆ ಆ ಮನೆಯ ಬೆಲೆ. ಪಡಸಾಲೆಯ ಚೆಂದ ಆಮೇಲಿನ ಮಾತು.

ಮುಂದೆ ಬೇರೊಬ್ಬ ಗಿರಾಕಿ ಬಂದ. ಅವನೇ ಸರ್ಕಾರ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಹಿನ್ನೀರು ಏರುತ್ತಾ ಬಂದಂತೆ ಬೀಳಗಿ, ಜಮಖಂಡಿ, ಬಾಗಲಕೋಟೆ ಕಡೆಯ ಸಾವಿರಾರು ಕುಟುಂಬಗಳು ಮನೆ ಬಿಟ್ಟುಕೊಡಬೇಕಾಯಿತು. ಈ ಗಿರಾಕಿ ಚೌಕಾಸಿ ಮಾಡಲಿಲ್ಲ, ಅಳತೆ ಮಾಡಿದ. ಗೋಡೆ ಎಷ್ಟು, ಕಟ್ಟಿಗೆ ಎಷ್ಟು, ಕಟ್ಟಡಕ್ಕೆ ವಯಸ್ಸೆಷ್ಟು ಎಂದು ಪಟ್ಟಿ ಬರೆದ.

ಇಲ್ಲಿ ಸಿಂಗಾರ ನಡೆಯುವುದಿಲ್ಲ ಎಂದು ಕಾನೂನೇ ಹೇಳಿತ್ತು. 1894ರ ಭೂಸ್ವಾಧೀನ ಕಾಯ್ದೆಯ 24ನೇ ಕಲಂ ಪ್ರಕಾರ, ಅಧಿಸೂಚನೆ ಹೊರಟ ಮೇಲೆ ಅನುಮತಿ ಇಲ್ಲದೆ ಮಾಡಿದ ಸುಧಾರಣೆಯ ಖರ್ಚನ್ನು ಪರಿಹಾರಕ್ಕೆ ಹಿಡಿಯುವಂತಿಲ್ಲ. ಮಾಲೀಕನಿಗೆ ಆ ಮನೆ ಮೇಲೆ ಎಷ್ಟು ಜೀವ ಎಂಬುದಕ್ಕೂ ಬೆಲೆಯಿಲ್ಲ. ಒಲ್ಲದ ಮನಸ್ಸಿನಿಂದ ಕೊಡುವುದಕ್ಕೆಂದು ಮಾರುಕಟ್ಟೆ ಬೆಲೆಯ ಮೇಲೆ ಮೊದಲು ಶೇ. 15, 1984ರ ತಿದ್ದುಪಡಿಯ ನಂತರ ಶೇ. 30 ಸೇರಿಸುತ್ತಿದ್ದರು. 2013ರ ಹೊಸ ಕಾಯ್ದೆಯಲ್ಲಿ ಅದು ಶೇ. 100 ಆಗಿದೆ. ಮನೆಯ ಬೆಲೆ ಕಟ್ಟಲು ಪರಿಣತ ಎಂಜಿನಿಯರ್ ಸೇವೆ ಪಡೆಯಬಹುದು ಎಂದೂ ಅದರಲ್ಲಿದೆ.

ಇದು ಮುಗಿದ ಕಥೆಯಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್ ಅಣೆಕಟ್ಟೆಗೆ 519.60 ಮೀಟರ್ ಮಟ್ಟಕ್ಕೆ ಒಪ್ಪಿತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರ್‌ಗೆ ಒಪ್ಪಿಗೆ ಕೊಟ್ಟಿತು. ಈ ಎರಡು ಅಂಕಿಗಳ ನಡುವೆ ಬರುವ ಊರುಗಳಲ್ಲಿ ಮನೆಗೆ ಬಣ್ಣ ಹಚ್ಚಬೇಕೋ ಬೇಡವೋ, ಸೋರುವ ಮಾಳಿಗೆ ರಿಪೇರಿ ಮಾಡಿಸಬೇಕೋ ಬೇಡವೋ ಎಂಬುದೇ ದೊಡ್ಡ ಪ್ರಶ್ನೆ. ಖಾಸಗಿ ಗಿರಾಕಿ ಅಂಥ ಮನೆ ಮುಟ್ಟಲು ಹಿಂಜರಿಯುತ್ತಾನೆ.

ಹೀಗಾಗಿ ನಮ್ಮ ಭಾಗದಲ್ಲಿ ಮನೆ ಸಜ್ಜು ಮಾಡುವುದೆಂದರೆ ಮೊದಲು ಕಾಗದ ಸಜ್ಜು ಮಾಡುವುದು. ಪಂಚಾಯಿತಿಯ ಇ-ಸ್ವತ್ತು ನಮೂನೆ ನಿಮ್ಮ ಹೆಸರಿಗಿದೆಯೇ? ಅಳತೆ ಸರಿಯಿದೆಯೇ? ತಾತನ ಹೆಸರಲ್ಲೇ ಉಳಿದಿದ್ದರೆ ಅಣ್ಣತಮ್ಮಂದಿರು ಕೂತು ವಾರಸಾ ಮಾಡಿಸಿದ್ದೀರಾ? ಕಂಬ, ತೊಲೆ, ಬಾಗಿಲು, ಮಗ್ಗದ ಕೋಣೆಯ ಫೋಟೊಗಳನ್ನು ತಾರೀಖು ಸಮೇತ ಇಟ್ಟುಕೊಳ್ಳಿ. ಗಿರಾಕಿ ಪಕ್ಕದ ಊರಿನವನಿರಲಿ, ಸರ್ಕಾರವೇ ಇರಲಿ, ಇಬ್ಬರ ಮುಂದೆಯೂ ಇವು ಕೆಲಸಕ್ಕೆ ಬರುತ್ತವೆ. ಸುಣ್ಣ ಆಮೇಲೆ ಹೊಡೆಸಿದರಾಯಿತು.