ಸುಮಾರು ಮತ್ತು ಖಾನೇಸುಮಾರಿ

‘ಸುಮಾರು’ ಇಲ್ಲದೆ ಕನ್ನಡದಲ್ಲಿ ಒಂದು ದಿನ ಕಳೆಯುವುದು ಕಷ್ಟ. ಬಸ್ಸು ಎಷ್ಟು ಹೊತ್ತಿಗೆ ಎಂದರೆ ಸುಮಾರು ಹತ್ತಕ್ಕೆ. ಊರು ಎಷ್ಟು ದೂರ ಎಂದರೆ ಸುಮಾರು ಮೂರು ಮೈಲಿ. ಮದುವೆಗೆ ‘ಸುಮಾರು ಜನ ಬಂದಿದ್ರು’ ಎನ್ನುವಾಗ ಮಾತ್ರ ಅದು ಅಂದಾಜನ್ನು ದಾಟಿ ‘ಬಹಳ’ ಎಂಬ ಅರ್ಥಕ್ಕೆ ಏರುತ್ತದೆ. ‘ನಿಮ್ಮನ್ನ ನೋಡಿ ಸುಮಾರು ದಿನ ಆಯ್ತು’ ಎಂಬಲ್ಲಿಯೂ ಅಷ್ಟೆ. ಅದೇ ಮದುವೆಯ ಊಟ ಹೇಗಿತ್ತು ಎಂದು ಕೇಳಿದಾಗ ‘ಸುಮಾರಾಗಿತ್ತು’ ಎಂದುಬಿಟ್ಟರೆ ಅಡುಗೆಯವರ ಮಾನ ಹೋದಂತೆ. ಒಂದೇ ಪದ ಅಂದಾಜನ್ನೂ ಹೇಳುತ್ತದೆ, ಹೆಚ್ಚನ್ನೂ ಹೇಳುತ್ತದೆ, ಸಾಧಾರಣವನ್ನೂ ಹೇಳುತ್ತದೆ. ಕೇಳುವವರು ರಾಗದಿಂದಲೇ ಅರ್ಥ ಹಿಡಿಯುತ್ತಾರೆ.

ಈ ಪದ ಹುಟ್ಟಿದ್ದು ಮಾತ್ರ ಖಚಿತವಾದ ಅರ್ಥದಲ್ಲಿ. ಪಾರಸಿಯ ‘ಶುಮಾರ್’ ಎಂದರೆ ಎಣಿಕೆ, ಲೆಕ್ಕ. ಉರ್ದುವಿನಲ್ಲಿ ಇಂದಿಗೂ ಜನಗಣತಿಗೆ ‘ಮರ್ದುಮ್ ಶುಮಾರಿ’ ಎನ್ನುತ್ತಾರೆ, ಅಂದರೆ ಮನುಷ್ಯರ ಎಣಿಕೆ. ಎಣಿಕೆಗೆ ಸಿಗದಷ್ಟಿರುವುದು ‘ಬೇಶುಮಾರ್’. ಅದೇ ಶುಮಾರ್ ನಮ್ಮ ಕಡೆಗೆ ಬಂದು ‘ಖಾನೇಸುಮಾರಿ’ಯಲ್ಲಿ ನೆಲೆಸಿತು. ಖಾನೆ ಎಂದರೆ ಮನೆ. ಕಾರಖಾನೆ, ದವಾಖಾನೆ, ಬಂದೀಖಾನೆಗಳಲ್ಲಿ ಇರುವುದು ಅದೇ ಖಾನೆ. ಮನೆಮನೆಗೆ ಹೋಗಿ ತಲೆ ಎಣಿಸುವುದು ಖಾನೇಸುಮಾರಿ. ಜನಗಣತಿ ಎಂಬ ಮಾತು ಬಳಕೆಗೆ ಬರುವ ಮೊದಲು ನಮ್ಮ ಹಿರಿಯರು ಹೇಳುತ್ತಿದ್ದುದೂ ಕಾಗದಪತ್ರಗಳಲ್ಲಿ ಬರೆಯುತ್ತಿದ್ದುದೂ ಇದನ್ನೇ. ಮರಾಠಿಯಲ್ಲೂ ಈ ಪದ ಇದೆ. ಖಾನೆಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ: ಮೇಜಿನ ಖಾನೆ, ಕಪಾಟಿನ ಖಾನೆ. ಗಣತಿಯ ನಮೂನೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು ಮಾಡಿದ ಚೌಕಗಳನ್ನು ನೋಡಿದಾಗ ಆ ಅರ್ಥವೂ ಹೊಂದುತ್ತದೆ ಎನಿಸುತ್ತದೆ.

ಎಣಿಕೆ ಎಂಬ ಪದ ಅಂದಾಜಿನ ಕಡೆಗೆ ಜಾರಿದ್ದು ಹೇಗೆ? ನನ್ನ ಊಹೆ ಇಷ್ಟು. ಹಿಂದಿನ ಕಾಲದಲ್ಲಿ ಊರಿನ ಲೆಕ್ಕ ಬರೆಯುತ್ತಿದ್ದವರು ಎಲ್ಲವನ್ನೂ ಮುಟ್ಟಿ ಎಣಿಸುತ್ತಿರಲಿಲ್ಲ. ಕಣದಲ್ಲಿ ರಾಶಿ ಅಳೆಯುವ ಮೊದಲೇ ಹೊಲದ ಬದುವಿನಲ್ಲಿ ನಿಂತು ಇಷ್ಟು ಖಂಡುಗ ಎಂದು ಬರೆದದ್ದೂ ಲೆಕ್ಕವೇ ಆಗಿತ್ತು. ಹಾಗೆ ಬರೆದ ಅಂಕಿಯನ್ನು ಜನ ಎಷ್ಟು ನಂಬುತ್ತಿದ್ದರೋ ಅಷ್ಟೇ ಬೆಲೆ ‘ಸುಮಾರಿ’ಗೂ ಉಳಿಯಿತು.

ನಮ್ಮ ಭಾಷೆಯಲ್ಲಿ ಎಣಿಕೆಯ ಉಳಿದ ಪದಗಳು ಬೇರೆ ದಾರಿ ಹಿಡಿದಿವೆ. ‘ಎಣಿಸು’ ಎಂದರೆ ಒಂದು ಎರಡು ಎಂದು ಎಣಿಸುವುದೂ ಹೌದು, ಯೋಚಿಸುವುದೂ ಹೌದು. ‘ಹೀಗಾಗುತ್ತೆ ಅಂತ ನಾನು ಎಣಿಸಿರಲಿಲ್ಲ’ ಎನ್ನುತ್ತೇವೆ. ಗಣನೆಗೆ ಬಂದವನು ಗಣ್ಯ, ಬಾರದ್ದು ನಗಣ್ಯ. ‘ಅವಳ ಮಾತನ್ನ ಯಾರು ಲೆಕ್ಕಕ್ಕೆ ತಗೋತಾರೆ’ ಎಂದರೆ ಅವಳಿಗೆ ಮನೆಯಲ್ಲಿ ಬೆಲೆ ಇಲ್ಲ ಎಂದರ್ಥ. ಮಕ್ಕಳು ಆಡುವಾಗ ತೀರ ಚಿಕ್ಕವನನ್ನು ಅಳಿಸಲಾರದೆ ಸೇರಿಸಿಕೊಂಡು, ‘ಇವನು ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಮೊದಲೇ ಸಾರಿಬಿಡುತ್ತಾರೆ. ಎಣಿಕೆಗೆ ಸೇರುವುದೇ ಮನ್ನಣೆ ಎಂಬ ತಿಳಿವಳಿಕೆ ಈ ಮಾತುಗಳಲ್ಲೆಲ್ಲ ಇದೆ. ದೇಶದಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಸ್ಥಿತಿ ಯಾರಿಗೂ ಬರಬಾರದು ಎಂಬುದಕ್ಕಾಗಿಯೇ ಜನಗಣತಿ ಇರುವುದು ಎಂದು ನಾನು ನಂಬಿದ್ದೇನೆ.

ಎಣಿಸಿದ್ದರಿಂದಲೇ ತಿಳಿದ ಒಂದು ದೊಡ್ಡ ದುಃಖ ನಮ್ಮ ನಾಡಿನ ಚರಿತ್ರೆಯಲ್ಲಿದೆ. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ ಖಾನೇಸುಮಾರಿ ಮಾಡಿದಾಗ ಜನಸಂಖ್ಯೆ 50 ಲಕ್ಷ ದಾಟಿತ್ತು. ಇಡೀ ಇಂಡಿಯಾದಲ್ಲಿ ಒಂದೇ ಹೊತ್ತಿಗೆ ನಡೆದ ಮೊದಲ ಗಣತಿ 1881ರ ಫೆಬ್ರುವರಿ 17ರಂದು. ಅಂದು ಮೈಸೂರಿನಲ್ಲಿ ಸಿಕ್ಕ ಲೆಕ್ಕ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಜನ ಎಂಟು ಲಕ್ಷಕ್ಕೂ ಮೀರಿ ಕಡಿಮೆಯಾಗಿದ್ದರು. ನಡುವೆ ಬಂದು ಹೋದದ್ದು ಧಾತು ಈಶ್ವರ ಸಂವತ್ಸರಗಳ ಬರ, 1876ರಿಂದ 78ರವರೆಗಿನದು. ಗಣತಿಯ ಮರುತಿಂಗಳು, ಮಾರ್ಚ್ 25ರಂದು, ಬ್ರಿಟಿಷರು ಹತ್ತನೆಯ ಚಾಮರಾಜ ಒಡೆಯರಿಗೆ ರಾಜ್ಯವನ್ನು ಮರಳಿ ಒಪ್ಪಿಸಿದರು. ಒಪ್ಪಿಸಿದ ರಾಜ್ಯದಲ್ಲಿ ಆರು ಜನರಲ್ಲಿ ಒಬ್ಬರು ಇರಲಿಲ್ಲ. ಬದುಕಿ ಉಳಿದ ತಾಯಂದಿರಿಗೆ ಹುಟ್ಟದೇ ಹೋದ ಮಕ್ಕಳು ಈ ಲೆಕ್ಕಕ್ಕೂ ಸಿಕ್ಕಿಲ್ಲ. 1871ರಲ್ಲಿ ಯಾರೂ ಎಣಿಸದೆ ಇದ್ದಿದ್ದರೆ ಆ ಬರದಲ್ಲಿ ‘ಸುಮಾರು ಜನ ಸತ್ತರು’ ಎಂಬ ಮಾತಷ್ಟೇ ಉಳಿಯುತ್ತಿತ್ತು.

ಆಗಿನ ಗಣತಿಯನ್ನು ಒಂದೇ ರಾತ್ರಿಯಲ್ಲಿ ಮುಗಿಸುತ್ತಿದ್ದರು. ಬೆಳದಿಂಗಳಿರುವ, ದೊಡ್ಡ ಜಾತ್ರೆಗಳಿಲ್ಲದ ದಿನ ನೋಡಿ ಗೊತ್ತುಮಾಡುತ್ತಿದ್ದರು. ಮೊದಲೇ ಬರೆದಿಟ್ಟ ಪಟ್ಟಿ ಹಿಡಿದು ಮನೆಮನೆ ಸುತ್ತಿ, ಸತ್ತವರನ್ನು ಹೊಡೆದುಹಾಕಿ, ಹೊಸದಾಗಿ ಹುಟ್ಟಿದವರನ್ನೂ ಬಂದ ನೆಂಟರನ್ನೂ ಸೇರಿಸುವುದು ಆ ರಾತ್ರಿಯ ಕೆಲಸ. ತಲೆಗಂದಾಯ ಹಾಕಲು ಬಂದರೆಂದು ಜನ ಹೆದರಿದ್ದೂ ಉಂಟು. ಒಂದು ರಾತ್ರಿಯ ಪದ್ಧತಿಯನ್ನು 1941ರಲ್ಲಿ ಬಿಟ್ಟರು.

ಸ್ವತಂತ್ರ ಭಾರತ ಮಾಡಿಕೊಂಡ ಜನಗಣತಿ ಕಾಯಿದೆ 1948ರದು. ಅದರಲ್ಲಿ ನನಗೆ ಬಹಳ ಪ್ರಿಯವಾದ ಒಂದು ಮಾತಿದೆ. ಗಣತಿದಾರರು ಕೇಳಿದ ಪ್ರಶ್ನೆಗೆ ತನಗೆ ತಿಳಿದ ಮಟ್ಟಿಗೆ ಉತ್ತರ ಕೊಡುವುದು ಪ್ರತಿಯೊಬ್ಬರ ಕರ್ತವ್ಯ ಎಂದು ಹೇಳಿದ ಮೇಲೆ ಕಾಯಿದೆ ಒಂದು ವಿನಾಯಿತಿ ಕೊಡುತ್ತದೆ: ಯಾವ ಹೆಂಗಸೂ ತನ್ನ ಗಂಡನ ಹೆಸರನ್ನು, ತೀರಿಕೊಂಡ ಗಂಡನ ಹೆಸರನ್ನು, ರೂಢಿಯ ಪ್ರಕಾರ ಅವಳು ಹೇಳಬಾರದ ಬೇರೆ ಯಾರ ಹೆಸರನ್ನೂ ಹೇಳಲೇಬೇಕೆಂದಿಲ್ಲ. ‘ನಮ್ಮನೆಯವರು’ ಎಂದೇ ಬದುಕು ಕಳೆದ, ಒಡಪು ಹಾಕಿದರೆ ಮಾತ್ರ ಆ ಹೆಸರು ಬಾಯಿಗೆ ಬರುತ್ತಿದ್ದ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾನೂನು ಅದು. ಹೆಸರಿಗಾಗಿ ಅವರನ್ನು ಪೀಡಿಸಬಾರದು, ಆದರೆ ಲೆಕ್ಕದಿಂದ ಒಬ್ಬರೂ ತಪ್ಪಬಾರದು. ಕಾನೂನು ಮಾಡುವವರು ಹೀಗೂ ಯೋಚಿಸಬಲ್ಲರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಗಣತಿಯಲ್ಲಿ ಬರೆದುಕೊಂಡ ವಿವರವನ್ನು ನೋಡುವ ಹಕ್ಕು ಹೊರಗಿನ ಯಾರಿಗೂ ಇಲ್ಲ, ಸಿವಿಲ್ ವ್ಯಾಜ್ಯದಲ್ಲಿ ಅದು ಸಾಕ್ಷ್ಯವಾಗುವುದಿಲ್ಲ ಎಂದು ಹೇಳುವುದೂ ಇದೇ ಕಾಯಿದೆ.

ಇನ್ನು ನಮೂನೆಯ ಖಾನೆಗಳಿಗೆ ಬರೋಣ. ‘ಸುಮಾರು’ ನುಸುಳುವುದು ಇಲ್ಲಿ, ನಮ್ಮ ನಮ್ಮ ಮನೆಯ ಬಾಗಿಲಲ್ಲಿ.

ಮೊದಲನೆಯದು ವಯಸ್ಸು. ‘ಅಜ್ಜೀ, ನಿಮಗೆಷ್ಟು ವಯಸ್ಸು?’ ಎಂದರೆ ‘ಬರ್ಕೊಳ್ಳಪ್ಪ, ಸುಮಾರು ಅರವತ್ತು’ ಎಂಬ ಉತ್ತರ. ಹೀಗೆ ಎಲ್ಲರೂ ಐವತ್ತು, ಐವತ್ತೈದು, ಅರವತ್ತು ಎಂದು ಬರೆಸುವುದರಿಂದ ನಮ್ಮ ಗಣತಿಗಳಲ್ಲಿ ಸೊನ್ನೆಗೂ ಐದಕ್ಕೂ ಕೊನೆಯಾಗುವ ವಯಸ್ಸಿನವರು ಗುಡ್ಡೆಗುಡ್ಡೆಯಾಗಿ ನಿಲ್ಲುತ್ತಾರೆ. ಐವತ್ತೊಂದು, ಐವತ್ತೊಂಬತ್ತರವರು ವಿರಳವಾಗುತ್ತಾರೆ. ಜನಸಂಖ್ಯಾಶಾಸ್ತ್ರದವರಿಗೆ ಇದು ಹಳೆಯ ತಲೆನೋವು, ಈ ಗುಡ್ಡೆಗಳನ್ನು ಅಳೆಯುವುದಕ್ಕೇ ಅವರಲ್ಲಿ ಸೂತ್ರಗಳಿವೆ. ಗಣತಿಗೆ ಬರುವ ಅನುಭವಸ್ಥ ಮೇಷ್ಟ್ರುಗಳು ಸುಮ್ಮನೆ ಬರೆದುಕೊಳ್ಳುವುದಿಲ್ಲ. ಗಾಂಧೀಜಿ ತೀರಿಕೊಂಡಾಗ ನೀವು ಎಷ್ಟು ದೊಡ್ಡವರಿದ್ದಿರಿ, ನೇತ್ರಾವತಿಯ ದೊಡ್ಡ ನೆರೆ ಬಂದ ವರ್ಷ ನಿಮ್ಮ ಹಿರಿಮಗ ನಡೆಯುತ್ತಿದ್ದನೇ ಎಂದು ಕೇಳುತ್ತಾರೆ. ಗಾಂಧಿ ತೀರಿಕೊಂಡದ್ದು 1948, ಆ ನೆರೆ 1974. ಅಜ್ಜಿಯ ನೆನಪೂ ಊರಿನ ಚರಿತ್ರೆಯೂ ಒಂದು ಕಡೆ ಸೇರಿದಾಗ ವಯಸ್ಸು ಸಿಗುತ್ತದೆ.

ಎರಡನೆಯದು ಕೆಲಸದ ಖಾನೆ. ನನಗೆ ಸಂಕಟವಾಗುವುದು ಇಲ್ಲಿ. ಮನೆಯ ಗಂಡಸು ಜಗಲಿಯಲ್ಲಿ ಕೂತು ಉತ್ತರ ಕೊಡುತ್ತಾನೆ. ಹೆಂಡತಿ ಏನು ಮಾಡ್ತಾರೆ ಎಂದರೆ ‘ಏನೂ ಇಲ್ಲ, ಮನೇಲೇ ಇರ್ತಾಳೆ’. ಆ ಹೊತ್ತಿಗೆ ಆಕೆ ಹಿತ್ತಿಲ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುತ್ತಾಳೆ, ಇಲ್ಲವೆ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಿರುತ್ತಾಳೆ. ಗಣತಿಯ ನಿಯಮಗಳು ಈ ಗಂಡಸಿಗಿಂತ ಉದಾರವಾಗಿವೆ. ಸಂಬಳವಿಲ್ಲದೆ ಸ್ವಂತ ಹೊಲದಲ್ಲಿ ದುಡಿದರೂ ಅದು ಕೆಲಸವೇ. ಮನೆಯವರು ಕುಡಿಯುವುದಕ್ಕೆಂದೇ ಹಾಲು ಕರೆದರೂ ಅದನ್ನು ಕೆಲಸ ಎಂದೇ ಬರೆಯಬೇಕೆಂದು ಸೂಚನೆ ಇತ್ತು. ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಅಥವಾ ಕಡಿಮೆ ಎಂದು ನೋಡಿ ಮುಖ್ಯ ಕೆಲಸಗಾರ್ತಿಯೋ ಅಲ್ಪಾವಧಿಯವಳೋ ಎಂದು ವಿಂಗಡಿಸುತ್ತಾರೆ. ಇಷ್ಟೆಲ್ಲ ಇದ್ದೂ ‘ಏನೂ ಇಲ್ಲ’ ಎಂಬ ಎರಡು ಮಾತಿನಲ್ಲಿ ಆಕೆಯ ದುಡಿಮೆಯನ್ನು ದೇಶದ ಲೆಕ್ಕದಿಂದ ಅಳಿಸಬಹುದು. ಪ್ರಶ್ನೆಯನ್ನು ಆಕೆಗೇ ಕೇಳಬೇಕು. ಉತ್ತರವನ್ನು ಆಕೆಯೇ ಹೇಳಬೇಕು.

ಮೂರನೆಯದು ತಾಯಿನುಡಿ. ಬಾಲ್ಯದಲ್ಲಿ ತಾಯಿ ನಿಮ್ಮೊಡನೆ ಆಡಿದ ಭಾಷೆ ಯಾವುದೋ ಅದನ್ನು ಬರೆಯಬೇಕು. 2011ರಲ್ಲಿ ಕನ್ನಡ ತಾಯಿನುಡಿಯವರು 4 ಕೋಟಿ 37 ಲಕ್ಷ, ತುಳುವರು 18 ಲಕ್ಷ 46 ಸಾವಿರ. ಕೊಡವ ತಕ್ಕ್ ಆಡುವ 1 ಲಕ್ಷ 13 ಸಾವಿರ ಜನ ಆ ಪಟ್ಟಿಯಲ್ಲಿ ‘ಕೂರ್ಗಿ/ಕೊಡಗು’ ಎಂಬ ಹೆಸರಿನಡಿ ಇದ್ದಾರೆ. ನೀಲಗಿರಿಯ ಬಡಗರನ್ನು ಎಣಿಸಿರುವುದು ಕನ್ನಡದ ಗುಂಪಿನೊಳಗೆ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳ ಹೆಸರು ಪಟ್ಟಿಯಲ್ಲಿ ಬರುವುದೇ ಇಲ್ಲ, ‘ಇತರೆ’ಯೊಳಗೆ ಕರಗುತ್ತದೆ. ಹೀಗಿರುವಾಗ ಸಣ್ಣ ಭಾಷೆಯವರು ಸಂಕೋಚಕ್ಕೋ ಅವಸರಕ್ಕೋ ಊರಿನ ದೊಡ್ಡ ಭಾಷೆಯ ಹೆಸರು ಬರೆಸಿದರೆ ನಷ್ಟ ಆ ಭಾಷೆಗೆ. ಕನ್ನಡದ ಸಂಖ್ಯೆ ಹೆಚ್ಚಲಿ ಎಂಬ ಆಸೆ ನನಗೂ ಇದೆ. ಬೇರೆಯವರ ತಾಯಿನುಡಿಯನ್ನು ಮರೆಸಿ ಅದು ಹೆಚ್ಚಬಾರದು.

ಮನೆಯೇ ಇಲ್ಲದವರಿಗೆ ಖಾನೇಸುಮಾರಿ ಎಲ್ಲಿಂದ ಬರಬೇಕು? ಅವರಿಗಾಗಿ ಹಳೆಯ ಒಂದು ರಾತ್ರಿಯ ಪದ್ಧತಿ ಇನ್ನೂ ಉಳಿದಿದೆ. 2011ರ ಫೆಬ್ರುವರಿ 28ರ ರಾತ್ರಿ ಗಣತಿದಾರರು ಬಸ್ ನಿಲ್ದಾಣ, ರೈಲು ನಿಲ್ದಾಣ, ಮೇಲುಸೇತುವೆಯ ಕೆಳಗು, ಗುಡಿಯ ಪೌಳಿ ಸುತ್ತಿ ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಜನರನ್ನು ಎಣಿಸಿದರು. ಗಂಡು, ಹೆಣ್ಣು ಎಂಬ ಎರಡೇ ಖಾನೆಗಳ ಜೊತೆಗೆ ಮೂರನೆಯದನ್ನು ಸೇರಿಸಿದ್ದೂ ಆ ಗಣತಿಯಲ್ಲೇ. ಅದರಲ್ಲಿ 4 ಲಕ್ಷ 87 ಸಾವಿರ ಮಂದಿ ತಮ್ಮನ್ನು ಬರೆಸಿದರು. ಮೊದಲು ಅವರೆಲ್ಲ ಬೇರೆಯವರ ಖಾನೆಯಲ್ಲಿದ್ದರು.

2011ರ ಆ ಲೆಕ್ಕ ತೆಗೆದವರು 27 ಲಕ್ಷ ಸಿಬ್ಬಂದಿ, ಅವರಲ್ಲಿ ದೊಡ್ಡ ಪಾಲು ಶಾಲಾ ಶಿಕ್ಷಕರು. ಭಾರತ 121 ಕೋಟಿ, ಕರ್ನಾಟಕ 6 ಕೋಟಿ 10 ಲಕ್ಷ ಎಂದು ತಿಳಿಯಿತು. ಅಲ್ಲಿಂದ ಮುಂದೆ ನಮ್ಮಲ್ಲಿ ಇರುವುದೆಲ್ಲ ಬರೀ ಸುಮಾರು. 2021ರ ಗಣತಿ ಕೋವಿಡ್ ಕಾರಣಕ್ಕೆ ಮುಂದೆ ಹೋಯಿತು, ಹೋಗುತ್ತಲೇ ಇತ್ತು. ಇದರ ಪೆಟ್ಟು ಯಾರಿಗೆ ಎಂದು ನ್ಯಾಯಬೆಲೆ ಅಂಗಡಿಯ ಮುಂದೆ ನೋಡಬೇಕು. 2013ರ ಆಹಾರ ಭದ್ರತಾ ಕಾಯಿದೆ ಹಳ್ಳಿಯ ಶೇಕಡಾ 75, ಪಟ್ಟಣದ ಶೇಕಡಾ 50 ಜನರಿಗೆ ಪಡಿತರ ಎಂದಿತು. ಹಾಗೆಂದರೆ ಎಷ್ಟು ಜನ ಎಂಬುದನ್ನು 2011ರ ಅಂಕಿಯ ಮೇಲೆ 81 ಕೋಟಿ ಎಂದು ಕಟ್ಟಿದರು. ಜನ ಹೆಚ್ಚಿದರೂ ಆ ಮಿತಿ ಹೆಚ್ಚಲಿಲ್ಲ. ಆಮೇಲೆ ಹುಟ್ಟಿದ ಬಡವರ ಮಗು ಊರಿನಲ್ಲಿದೆ, ಆ ಲೆಕ್ಕದಲ್ಲಿಲ್ಲ.

ಹೊಸ ಗಣತಿಗೆ 2025ರ ಜೂನ್ 16ರಂದು ಅಧಿಸೂಚನೆ ಹೊರಟಿತು. ಮನೆಪಟ್ಟಿಯ ಹಂತ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಗೆ, ತಲೆ ಎಣಿಕೆ 2027ರ ಫೆಬ್ರುವರಿಗೆ, ಲೆಕ್ಕ ನಿಲ್ಲುವ ಗಳಿಗೆ ಮಾರ್ಚ್ 1ರ ನಡುರಾತ್ರಿಗೆ ಎಂದು ಗೊತ್ತುಮಾಡಿದ್ದಾರೆ. 1931ರ ನಂತರ ಜನಗಣತಿಯಲ್ಲಿ ಎಲ್ಲ ಜಾತಿಗಳ ಎಣಿಕೆ ಸೇರಿರುವುದು ಇದೇ ಮೊದಲು. 2025ರಲ್ಲಿ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಮೀಕ್ಷೆ ಬೇರೆ, ಈ ಗಣತಿ ಬೇರೆ. ‘ಹೋದ ಸಲ ಬರೆಸಿದ್ದೆವಲ್ಲ’ ಎಂದು ಬಾಗಿಲಿಂದಲೇ ಕಳಿಸಿಬಿಡಬಾರದು. ಈ ಸಲ ಕಾಗದದ ನಮೂನೆಯ ಬದಲು ಮೊಬೈಲು ಬಂದಿದೆ, ಬೇಕಾದವರು ತಾವೇ ತುಂಬಲೂಬಹುದು. ತುಂಬಿದ ಮೇಲೆ ಒಂದು ಗುರುತಿನ ಸಂಖ್ಯೆ ಬರುತ್ತದೆ, ಮನೆಗೆ ಬಂದ ಗಣತಿದಾರರಿಗೆ ಅದನ್ನು ತೋರಿಸಿದರೆ ನಿಮ್ಮ ನಮೂನೆ ಒಪ್ಪಿಸಿದಂತಾಯಿತು.

ಓದುಗರಲ್ಲಿ ನನ್ನದೊಂದು ಬೇಡಿಕೆ. ಗಣತಿದಾರರು ಬರುವ ಮೊದಲು ಮನೆಯವರ ಹುಟ್ಟಿದ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಅಜ್ಜಿಯ ವಯಸ್ಸನ್ನು ಅಜ್ಜಿಯ ಹತ್ತಿರ ಕೂತು ಲೆಕ್ಕ ಹಾಕಿ. ಹೆಂಡತಿ ಮಾಡುವ ಕೆಲಸವನ್ನು ಅವಳೇ ಹೇಳಲಿ. ಬಿಸಿಲಲ್ಲಿ ಬಂದ ಮೇಷ್ಟ್ರಿಗೆ ಕೂರಲು ಕುರ್ಚಿ ಕೊಡಿ, ಕುಡಿಯಲು ನೀರು ಕೊಡಿ. ನಿಮ್ಮ ಹೊಸ ಮನೆ ಕಟ್ಟುತ್ತಿರುವ ಜಾಗದಲ್ಲಿ ತಗಡಿನ ಷೆಡ್ಡು ಹಾಕಿಕೊಂಡು ಇರುವ ಕಾವಲಿನ ಸಂಸಾರವೋ ಗಾರೆ ಕೆಲಸದವರೋ ಇದ್ದರೆ, ಗಣತಿದಾರರನ್ನು ಅಲ್ಲಿಗೂ ಕರೆದುಕೊಂಡು ಹೋಗಿ ಅವರೆಲ್ಲರ ಹೆಸರನ್ನು ಬರೆಸಿ.