.244 ರೆಮಿಂಗ್ಟನ್ ತೋಟಾದ ಸೋಲು: ಒಂದು ಪುನರ್ವಿಮರ್ಶೆ

ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಕಿರುನಳಿಗೆಯ ಕೋವಿಗಳು ಬಳಕೆಗೆ ಬಂದ ಇತಿಹಾಸವನ್ನು ಬರೆದವರು 1955ನೆಯ ಇಸವಿಯ ಪ್ರಸಂಗವೊಂದನ್ನು ಬಹುಮಟ್ಟಿಗೆ ಒಂದೇ ಬಗೆಯಾಗಿ ನಿರೂಪಿಸುತ್ತ ಬಂದಿದ್ದಾರೆ. ಆ ವರ್ಷ ವಿಂಚೆಸ್ಟರ್ ಸಂಸ್ಥೆಯವರು .243 ಎಂಬ ತೋಟಾವನ್ನೂ ರೆಮಿಂಗ್ಟನ್ ಸಂಸ್ಥೆಯವರು .244 ಎಂಬ ತೋಟಾವನ್ನೂ ಮಾರುಕಟ್ಟೆಗೆ ತಂದರು. ಹೆಸರಿನ ಅಂಕೆ ಬೇರೆಯಾದರೂ ಎರಡರ ಗುಂಡಿನ ವ್ಯಾಸವೂ ಒಂದೇ; ಮದ್ದು ತುಂಬುವ ಅವಕಾಶದಲ್ಲಿ ರೆಮಿಂಗ್ಟನ್ನಿನದೇ ಒಂದಿಷ್ಟು ಮೇಲು. ಆದರೂ ವಿಂಚೆಸ್ಟರ್ ಗೆದ್ದಿತು, ರೆಮಿಂಗ್ಟನ್ ಸೋತಿತು. ಕಾರಣ ಕೇಳಿದರೆ ಸಿದ್ಧವಾದ ಉತ್ತರವೊಂದುಂಟು: ವಿಂಚೆಸ್ಟರ್ ನಳಿಗೆಯೊಳಗಿನ ಸುರುಳಿಗೆರೆ 10 ಅಂಗುಲಕ್ಕೊಂದು ಸುತ್ತು ಬರುತ್ತಿತ್ತು, ರೆಮಿಂಗ್ಟನ್ನಿನದು 12 ಅಂಗುಲಕ್ಕೊಂದು, ಆದಕಾರಣ ಜಿಂಕೆಗೆ ತಕ್ಕ 100 ಗ್ರೇನ್ ತೂಕದ ಗುಂಡನ್ನು ರೆಮಿಂಗ್ಟನ್ ಕೋವಿ ನೆಟ್ಟಗೆ ಹಾರಿಸಲಾರದಾಯಿತು. ಒಬ್ಬರು ಬರೆದುದನ್ನು ಇನ್ನೊಬ್ಬರು ಪರೀಕ್ಷಿಸದೆ ಎತ್ತಿಕೊಂಡುದರಿಂದ ಈ ಉತ್ತರವು ಪ್ರಮಾಣದ ಪದವಿಗೇರಿದೆ. ಇದು ಅರ್ಧಸತ್ಯವೆಂಬುದನ್ನೂ, ಮರೆಯಾದ ಅರ್ಧದಲ್ಲಿಯೇ ವಿಷಯದ ತಿರುಳಿದೆಯೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಸುರುಳಿಯ ಮಾತನ್ನು ಪರಿಶೀಲಿಸೋಣ. ನೀಳವಾದ ಗುಂಡು ಗಾಳಿಯಲ್ಲಿ ಮಗುಚದೆ ಸಾಗಬೇಕಾದರೆ ಬುಗುರಿಯಂತೆ ತನ್ನ ಅಕ್ಷದ ಸುತ್ತ ವೇಗವಾಗಿ ತಿರುಗುತ್ತಿರಬೇಕು. ಎಷ್ಟು ತಿರುಗಬೇಕೆಂಬುದಕ್ಕೆ ವುಲ್ವಿಚ್‌ನಲ್ಲಿ ಅಧ್ಯಾಪಕರಾಗಿದ್ದ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ ಅವರು 1879ರಲ್ಲಿಯೇ ಒಂದು ಸೂತ್ರವನ್ನು ಕೊಟ್ಟಿದ್ದರು. ಸೀಸದ ಒಡಲಿನ ಗುಂಡೆಂದು ಗ್ರಹಿಸಿಕೊಂಡ ಮೇಲೆ ಆ ಸೂತ್ರದಲ್ಲಿ ಉಳಿಯುವುದು ಗುಂಡಿನ ವ್ಯಾಸ ಮತ್ತು ಉದ್ದ, ಇವೆರಡೇ. ತೂಕಕ್ಕೆ ಅಲ್ಲಿ ಸ್ಥಾನವಿಲ್ಲ. ಶೀಘ್ರವೇಗದ ಗುಂಡುಗಳಿಗೆ ಬಳಸುವ 180 ಎಂಬ ಗುಣಾಂಕವನ್ನು ಹಿಡಿದು 0.243 ಅಂಗುಲದ ವ್ಯಾಸಕ್ಕೆ ಲೆಕ್ಕ ಹಾಕಿದರೆ, 12 ಅಂಗುಲದ ಸುತ್ತು ಸುಮಾರು 0.89 ಅಂಗುಲ ಉದ್ದದ ಗುಂಡಿಗೆ ಸಾಲುತ್ತದೆ. 10 ಅಂಗುಲದ ಸುತ್ತು ಸುಮಾರು 1.06 ಅಂಗುಲದ್ದಕ್ಕೆ. ಇನ್ನು 100 ಗ್ರೇನ್ ತೂಕದ ಎರಡು ಗುಂಡುಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಒಂದು ಚೂಪುಮೂತಿಯದು, ಮೇಲ್ಭಾಗವೆಲ್ಲ ಸಣ್ಣಗಾಗುತ್ತ ಹೋಗಿರುವುದರಿಂದ ಉದ್ದವಾಗಿದೆ. ಇನ್ನೊಂದು ಮೊಂಡುಮೂತಿಯದು, ತುದಿಯವರೆಗೂ ದಪ್ಪವಿರುವುದರಿಂದ ಗಿಡ್ಡಾಗಿದೆ. ತಕ್ಕಡಿಯಲ್ಲಿ ಎರಡೂ ಸಮ. ಸುರುಳಿಗೆರೆಯ ಪಾಲಿಗೆ ಎರಡೂ ಬೇರೆಬೇರೆ. ಹೀಗಿರಲು, 12 ಅಂಗುಲದ ಸುತ್ತಿಗೆ 100 ಗ್ರೇನ್ ಒಗ್ಗದೆಂದು ಆಕಾರವನ್ನೇ ಎತ್ತದೆ ತೀರ್ಪು ಕೊಡುವುದು ಶಾಸ್ತ್ರಸಮ್ಮತವಾದ ಮಾತಲ್ಲ. (ಚೂಪುಮೂತಿಯ 100 ಗ್ರೇನ್ ಗುಂಡಿಗೆ ಆ ಸುತ್ತು ಸಾಲದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ನನ್ನ ಆಕ್ಷೇಪವೆಲ್ಲ ಅದನ್ನೇ ಸಾರ್ವತ್ರಿಕ ನಿಯಮವಾಗಿ ಹಿಗ್ಗಿಸಿದವರ ಮೇಲೆ.)

ಇದಕ್ಕಿಂತ ಗುರುತರವಾದ ಲೋಪವೊಂದಿದೆ. ವಿಂಚೆಸ್ಟರ್‌ನವರು 80 ಮತ್ತು 100 ಗ್ರೇನ್ ಗುಂಡುಗಳನ್ನು ಒದಗಿಸಿದರು; ರೆಮಿಂಗ್ಟನ್‌ನವರು 75 ಮತ್ತು 90 ಗ್ರೇನಿನವನ್ನು. ಒಂದು ಪೌಂಡಿಗೆ 7000 ಗ್ರೇನ್. ಭಾರವಾದ ಎರಡು ಗುಂಡುಗಳ ನಡುವಣ ಅಂತರ 10 ಗ್ರೇನ್, ಎಂದರೆ ಮುಕ್ಕಾಲು ಗ್ರಾಮಿಗೂ ಕಡಿಮೆ. ಈ ಅಲ್ಪಾಂತರದಿಂದ ಒಂದು ಜಿಂಕೆಯನ್ನು ಕೆಡವಬಲ್ಲುದೆಂದೂ ಮತ್ತೊಂದು ಕೆಡವಲಾರದೆಂದೂ ಹೇಳುವುದು ಸುತರಾಂ ಯುಕ್ತವಲ್ಲ. ಕೊಳ್ಳುವವನ ಮನಸ್ಸಿನಲ್ಲಿ ಮಾತ್ರ ಅಂತರ ದೊಡ್ಡದಾಗಿತ್ತು. ಫ್ರೆಡ್ ಹಂಟಿಂಗ್ಟನ್ ಅವರ ಪ್ರಯೋಗಗಳಿಂದ ಹುಟ್ಟಿದ .244ನ್ನು ರೆಮಿಂಗ್ಟನ್‌ನವರು ಬಿಲದಲ್ಲಿ ವಾಸಿಸುವ ಸಣ್ಣ ಪ್ರಾಣಿಗಳನ್ನು ದೂರದಿಂದ ಹೊಡೆಯುವ ಕೋವಿಯೆಂದೇ ಪ್ರಧಾನವಾಗಿ ಭಾವಿಸಿದ್ದರು. ಒಂದೇ ಕೋವಿಯಿಂದ ಬೇಸಗೆಯಲ್ಲಿ ಅವನ್ನೂ ಶರತ್ಕಾಲದಲ್ಲಿ ಜಿಂಕೆಯನ್ನೂ ಹೊಡೆಯಬೇಕೆಂದಿದ್ದ ಬೇಟೆಗಾರ ವಿಂಚೆಸ್ಟರ್‌ನ ಕಡೆಗೆ ವಾಲಿದ. 1963ರಲ್ಲಿ ರೆಮಿಂಗ್ಟನ್‌ನವರು ಅದೇ ತೋಟಾಕ್ಕೆ 6 ಮಿ.ಮೀ. ರೆಮಿಂಗ್ಟನ್ ಎಂದು ಹೆಸರು ಬದಲಿಸಿ, 9 ಅಂಗುಲದ ಸುತ್ತಿನ ನಳಿಗೆಯೊಡನೆ ಮಾರಿದರೂ ಕಳೆದುಹೋದ ವಿಶ್ವಾಸ ಮರಳಲಿಲ್ಲ.

ಆ ಬೇಟೆಗಾರನ ಅಂಜಿಕೆ ನಿರಾಧಾರವೆಂದು ನಾನು ಹೇಳುತ್ತಿಲ್ಲ. ಅದು ತೂಕವೆಂಬ ತಪ್ಪು ಗುರುತನ್ನು ಹಿಡಿದಿತ್ತು, ಅಷ್ಟೆ. ಸಣ್ಣ ಪ್ರಾಣಿಗಳಿಗೆಂದು ಮಾಡಿದ ಗುಂಡಿನ ತಾಮ್ರದ ಕವಚ ತೀರ ತೆಳು. ತಾಕಿದೊಡನೆ ಸಿಡಿಯಬೇಕೆಂಬುದೇ ಅದರ ರಚನೆಯ ಉದ್ದೇಶ. ಅದೇ ಗುಂಡು ಜಿಂಕೆಯ ಹೆಗಲಮೂಳೆಗೆ ಬಡಿದರೆ ಅಲ್ಲಿಯೇ ಚೂರಾಗಿ, ಹೊರಗೆ ಭಯಂಕರವಾದ ಗಾಯವನ್ನು ಮಾಡಿ, ಶ್ವಾಸಕೋಶವನ್ನು ಮುಟ್ಟದೆ ಉಳಿಯಬಹುದು. ಹಾಗೆ ಗಾಯಗೊಂಡ ಪ್ರಾಣಿ ಪೊದೆಗಳ ನಡುವೆ ನುಗ್ಗಿ ದಿನಗಟ್ಟಲೆ ನರಳಿ ಸಾಯುತ್ತದೆ. ಇದಕ್ಕಿಂತ ಹೇಯವಾದುದು ಬೇಟೆಯಲ್ಲಿ ಬೇರೊಂದಿಲ್ಲ. ಕವಚದ ದಪ್ಪ, ಅದು ಒಳಗಿನ ಸೀಸವನ್ನು ಹಿಡಿದಿಡುವ ಬಗೆ, ಮೂತಿ ಅರಳುವ ಕ್ರಮ, ಇವೇ ಇಲ್ಲಿ ನಿರ್ಣಾಯಕ. ಜಾನ್ ನೋಸ್ಲರ್ ಅವರು 1946ರ ಮೂಸ್ ಬೇಟೆಯಲ್ಲಿ ಗುಂಡು ಒಳಹೊಗದೆ ಹೋದುದನ್ನು ಕಂಡು, ನಡುವೆ ತಾಮ್ರದ ಅಡ್ಡಗೋಡೆಯಿಟ್ಟ ಗುಂಡನ್ನು ರೂಪಿಸಿ 1948ರಲ್ಲಿ ಮಾರಾಟಕ್ಕೆ ತಂದಿದ್ದರು: ಮುಂದಿನರ್ಧ ಅರಳಿದರೂ ಹಿಂದಿನರ್ಧ ಗಟ್ಟಿಯಾಗಿ ಉಳಿದು ಒಳಕ್ಕೆ ಸಾಗುವುದು. 1955ರ ಸ್ಪರ್ಧೆಗೆ ಏಳು ವರ್ಷ ಮುಂಚೆಯೇ ಇದ್ದ ಈ ನಿದರ್ಶನವನ್ನು ಆ ಸ್ಪರ್ಧೆಯ ಚರ್ಚೆಯೊಳಕ್ಕೆ ತರದಿರುವುದು ಅಕ್ಷಮ್ಯ.

ಇದಕ್ಕೂ ಹಿಂದಿನ ಸಾಕ್ಷ್ಯವೊಂದಿದೆ. ಬಫಲೊ ನಗರದ ವಕೀಲ ಚಾರ್ಲ್ಸ್ ನ್ಯೂಟನ್ ಅವರು ಸ್ಯಾವೇಜ್ ಸಂಸ್ಥೆಗಾಗಿ .250 ತೋಟಾವನ್ನು ಕಲ್ಪಿಸಿದಾಗ 100 ಗ್ರೇನ್ ಗುಂಡನ್ನೇ ಸೂಚಿಸಿದ್ದರು. ಸೆಕೆಂಡಿಗೆ 3000 ಅಡಿಯೆಂಬ ವೇಗವನ್ನು ಜಾಹೀರಾತಿನಲ್ಲಿ ಸಾರುವ ಹಂಬಲದಿಂದ ಸಂಸ್ಥೆಯವರು ಅದನ್ನು 87 ಗ್ರೇನಿಗೆ ಇಳಿಸಿ 1915ರಲ್ಲಿ ಹೊರತಂದರು. ಗುಂಡಿನ ಆಯ್ಕೆ ಪ್ರಾಣಿಯ ದೇಹವನ್ನು ನೋಡಿ ಆಗಲಿಲ್ಲ, ಅಂಕೆಯ ಆಕರ್ಷಣೆಯನ್ನು ನೋಡಿ ಆಯಿತು. ನ್ಯೂಟನ್ನರ ಪಕ್ಷವನ್ನು ಹಿಡಿಯಲು ನನಗೆ ಸಂಕೋಚವಿಲ್ಲ.

(1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮಲ್ಲಿ ಈಗ ಜಿಂಕೆಯ ಬೇಟೆ ಶಿಕ್ಷಾರ್ಹ, ಇಲ್ಲಿನ ಚರ್ಚೆ ಇತಿಹಾಸಕ್ಕೆ ಸೀಮಿತವೆಂದು ವಾಚಕರು ತಿಳಿಯಬೇಕು.)

ತೂಕದ ಮೇಲಣ ಈ ಕುರುಡುನಂಬಿಕೆ ಶಾಸನಗಳಿಗೂ ಹೊಕ್ಕಿತು. ಸ್ಕಾಟ್ಲೆಂಡಿನ 1985ರ ಆಜ್ಞೆಯು ಕೆಂಜಿಂಕೆಗೆ ಅರಳುವ ಗುಂಡೇ ಆಗಬೇಕೆಂದು ವಿವೇಕದಿಂದ ವಿಧಿಸಿತಾದರೂ, ಅದರ ತೂಕ 100 ಗ್ರೇನಿಗೆ ಕಡಿಮೆಯಿರಕೂಡದೆಂದೂ ಸೇರಿಸಿತು. ಸೀಸದ ವಿಷವನ್ನು ತಪ್ಪಿಸಲು ಪೂರ್ತಿ ತಾಮ್ರದ ಗುಂಡುಗಳು ಬಂದಾಗ ತೊಡಕು ಕಾಣಿಸಿತು: ತಾಮ್ರದ ಸಾಂದ್ರತೆ ಸೀಸಕ್ಕಿಂತ ಕಡಿಮೆಯಾದುದರಿಂದ 100 ಗ್ರೇನ್ ತಾಮ್ರದ ಗುಂಡು ಬಹಳ ನೀಳವಾಗುತ್ತದೆ, ಗೆದ್ದ .243ರ 10 ಅಂಗುಲದ ಸುತ್ತಿಗೂ ಅದು ಒಗ್ಗುವುದು ಕಷ್ಟ. 2023ರಲ್ಲಿ ಸ್ಕಾಟ್ಲೆಂಡ್ ಸರಕಾರ ಆ ಆಜ್ಞೆಯನ್ನು ತಿದ್ದಿ, ಕನಿಷ್ಠ ತೂಕವನ್ನು 80 ಗ್ರೇನಿಗೆ ಇಳಿಸಿತು.